ಚರ್ಮ ಸುಲಿದ ಮೀನಿಗೂ ಗುರುತುಂಟು

ಎರಡು ದಿನದಿಂದ ಆ ಮನೆಯ ಸೊಸೆ ಒಲೆಯ ಹತ್ತಿರ ಸುಳಿದಿರಲಿಲ್ಲ. ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಮೀನು ಕೊಯ್ದು ಕೊಡುವ ಹೆಂಗಸು ಅವಳು. ಕಣ್ಣು ಕಟ್ಟಿ ಕೈಗಿಟ್ಟರೂ ಯಾವ ಮೀನೆಂದು ಹೇಳಬಲ್ಲಳು. ಅಂಥವಳು ಬೇಯಿಸಿದ ಮೀನು ತಿಂದು ಮಾವ ಹಾಸಿಗೆ ಹಿಡಿದಿದ್ದರು.

ಜ್ವರದಿಂದ ಎದ್ದಿದ್ದ ಮಾವನಿಗೆ ಮೆತ್ತನೆಯ ಬಿಳಿ ಮೀನು ಕೊಡಿ ಎಂದಿದ್ದರು ಡಾಕ್ಟರು. ದೋಣಿಗಳು ಕಡಲಿಗಿಳಿಯದ ದಿನಗಳು ಅವು. ಅಂಗಡಿಯಿಂದ ಹೆಪ್ಪುಗಟ್ಟಿಸಿದ ಮೀನಿನ ಪೊಟ್ಟಣ ತಂದಳು. ಉಂಡ ಸ್ವಲ್ಪ ಹೊತ್ತಿಗೇ ಮುದುಕರ ಹೊಟ್ಟೆ ಕೆಟ್ಟಿತು. ಎಣ್ಣೆ ಸುರಿದಂತೆ ಭೇದಿ.

"ನನ್ನ ಕೈಯೇ ಕೊಳಕು ಮಾವ. ಮಾರ್ಕೆಟ್ಟಿನ ಕತ್ತಿ ಹಿಡಿದು ಹಾಗೇ ಅಡುಗೆಗೂ ಇಳೀತೀನಿ," ಎಂದು ಕಣ್ಣೊರೆಸಿಕೊಂಡಳು.

"ಹುಚ್ಚಿ! ನಿನ್ನ ಕೈಯಡುಗೆ ತಿಂದೇ ನನ್ನ ಹಲ್ಲು ಸವೆದಿರೋದು. ಇಷ್ಟು ವರ್ಷ ಇಲ್ಲದ ಕೊಳಕು ಈಗೆಲ್ಲಿಂದ ಬಂತು?"

ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ಕೇಳಿದಳು, "ಹಸಿ ತುಂಡೇನಾದ್ರೂ ಉಳಿದಿದೆಯಾ ಅಕ್ಕಾ?"

"ಫ್ರೀಜರಿನಲ್ಲಿದೆ. ಬಿಸಾಕ್ತೀನಿ ಬಿಡು."

"ಬೇಡ, ಆಹಾರ ಸುರಕ್ಷತೆ ಕಚೇರಿಗೆ ಕೊಡೋಣ. ಡಿಎನ್‌ಎ ಪರೀಕ್ಷೆಯಲ್ಲಿ ಯಾವ ಮೀನು ಅಂತ ಗೊತ್ತಾಗುತ್ತೆ."

ಸೊಸೆಗೆ ರೇಗಿತು. "ಮೀನು ಯಾವುದಂತ ನನಗೆ ಮಿಷನ್ ಹೇಳಿಕೊಡ್ಬೇಕಾ? ಪೊಟ್ಟಣದ ಮೇಲೇ ಬರೆದಿದೆಯಲ್ಲ!"

"ನೀನು ಹೇಗೆ ಗುರುತು ಹಿಡೀತೀಯ ಅಕ್ಕಾ?"

"ಕಿವಿರು, ಹುರುಪೆ, ಬಾಲ, ಬೆನ್ನಿನ ಮುಳ್ಳು…" ಹೇಳುತ್ತಲೇ ಫ್ರೀಜರಿನ ತುಂಡು ತೆಗೆದು ತಿರುಗಿಸಿ ನೋಡಿದಳು. ಆ ತುಂಡಿನಲ್ಲಿ ಅವೊಂದೂ ಇರಲಿಲ್ಲ. ಪೊಟ್ಟಣದ ಚೀಟಿ ಓದಿ ನಂಬಿದ್ದಳು, ಅಷ್ಟೆ.

ಕಾರ್ಯಕರ್ತೆ ಅವಳ ಕೈ ಹಿಡಿದುಕೊಂಡಳು. "ತಲೆ ತೆಗೆದರೂ ಚರ್ಮ ಸುಲಿದರೂ ಮಾಂಸದ ಕಣಕಣದಲ್ಲಿ ಅದರ ಜಾತಿಯ ಗುರುತು ಇದ್ದೇ ಇರುತ್ತೆ. ಅದೇ ಡಿಎನ್‌ಎ. ಮೀನು ಹಳಸಿದೆಯೋ ಇಲ್ಲವೋ ಅಂತ ಅದು ಹೇಳಲ್ಲ. ಯಾವ ಮೀನು ಅಂತ ಹೇಳುತ್ತೆ."

ಕೆಲವು ವಾರಗಳ ನಂತರ ಫಲಿತಾಂಶ ಬಂತು; ಅಲ್ಲಿಯವರೆಗೂ ಅವಳು ಒಲೆ ಮುಟ್ಟಿರಲಿಲ್ಲ. ಬರೆದಿದ್ದ ಮೀನೇ ಬೇರೆ, ಒಳಗಿದ್ದ ಮೀನೇ ಬೇರೆ. ಮನುಷ್ಯರ ಹೊಟ್ಟೆಗೆ ಜೀರ್ಣವಾಗದ, ಎಣ್ಣೆಯಂತೆ ಭೇದಿ ಮಾಡಿಸುವ ಮೇಣದಂಥ ಕೊಬ್ಬು ಒಳಗಿದ್ದ ಆ ಜಾತಿಯ ಮೀನಿನಲ್ಲೇ ಇತ್ತು. ಎಷ್ಟು ತೊಳೆದರೂ ಬೇಯಿಸಿದರೂ ಹೋಗುವಂಥದ್ದಲ್ಲ.

ಸೊಸೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತುಬಿಟ್ಟಳು. ಮಾವ ಅವಳ ತಲೆ ಸವರಿದರು.

"ಇನ್ನಾದ್ರೂ ಅಡುಗೆಮನೆಗೆ ಹೋಗು ತಾಯಿ. ನಿನ್ನ ಗಂಡ ಕಾಯಿಸೋ ಗಂಜಿ ಕುಡಿದು ಕುಡಿದು ನಾಲಿಗೆ ಸತ್ತುಹೋಗಿದೆ."

ಅವಳು ಅಳುತ್ತಲೇ ನಕ್ಕಳು. ಎದ್ದು ಒಲೆ ಹಚ್ಚಿದಳು.

ಅಕ್ಕಂದಿರೇ, ಅಣ್ಣಂದಿರೇ, ಯಾರೋ ಸುಳ್ಳು ಚೀಟಿ ಅಂಟಿಸಿ ಮಾರಿದ್ದಕ್ಕೆ ಮನೆಯ ಹೆಣ್ಣುಮಗಳು ಯಾಕೆ ಕಣ್ಣೀರು ಹಾಕಬೇಕು? ಅನುಮಾನ ಬಂದರೆ ಪೊಟ್ಟಣ, ರಸೀದಿ ಎಸೆಯಬೇಡಿ. ಉಳಿದ ಹಸಿ ತುಂಡನ್ನು ಫ್ರೀಜರಿನಲ್ಲಿಡಿ. ಕಾಯಿಲೆಯಾದವರನ್ನು ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಆಹಾರ ಸುರಕ್ಷತೆ ಕಚೇರಿಗೆ ದೂರು ಕೊಡಿ. ಹೆದರಬೇಡಿ. ನಾವು ತಿನ್ನುವುದು ಏನೆಂದು ಕೇಳುವ ಹಕ್ಕು ನಮ್ಮದು. ಅಡುಗೆ ಮಾಡಿದವಳನ್ನು ಬೈಯುವ ಮುಂಚೆ, ಮಾರಿದವನನ್ನು ಕೇಳಿ.