ಗಳದ ತುದಿಗೆ ಕಟ್ಟಿದ ಕೊಕ್ಕು

ಮರದ ಪೊಟರೆಯಲ್ಲಿ ತನ್ನನ್ನು ತಾನೇ ಸೆರೆಯಿಟ್ಟುಕೊಂಡಿದ್ದ ಹೆಣ್ಣು ಮಂಗಟ್ಟೆ ಹಕ್ಕಿಯೊಂದನ್ನು, ಅದರ ಗಂಡು ಸತ್ತ ಮೇಲೆ, ನಾನು ಉಣ್ಣಿಸಿ ಬದುಕಿಸಿದ್ದೆ. ಅಭಯಾರಣ್ಯದ ಕಾವಲುಗಾರನಾಗಿ ಸವೆಸಿದ ಆಯುಸ್ಸಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಅದೊಂದೇ. ಮೊಟ್ಟೆಯಿಡುವ ಕಾಲಕ್ಕೆ ಈ ಹಕ್ಕಿ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮಣ್ಣು, ಹಿಕ್ಕೆಗಳಿಂದ ಮೆತ್ತಿಬಿಡುತ್ತದೆ. ಉಳಿಯುವುದು ಒಂದು ಸೀಳು ಮಾತ್ರ. ಅದರಲ್ಲಿ ಗಂಡು ಹಣ್ಣು ತಂದಿಕ್ಕಬೇಕು. ಆ ಗಂಡು ವಿದ್ಯುತ್ ತಂತಿಗೆ ತಗಲಿ ಸತ್ತಿತ್ತು. ನಾನು ಏಣಿಯೇರಿ, ಬಿದಿರಿನ ಗಳದ ತುದಿಗೆ ಅತ್ತಿಹಣ್ಣು ಚುಚ್ಚಿ ಒಡ್ಡಿದರೆ ಹೆಣ್ಣು ಮುಖ ತಿರುಗಿಸಿತು.

ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಅಂದಳು: "ನಿಮ್ಮ ಮುಖ ನೋಡಿದ್ರೆ ನನಗೇ ಊಟ ಇಳಿಯಲ್ಲ, ಇನ್ನು ಅದು ತಿನ್ನುತ್ತಾ? ಅದರ ಗಂಡನ ಕೊಕ್ಕನ್ನೇ ಕಟ್ಟಿ ನೋಡ್ರೀ."

ಸತ್ತ ಗಂಡಿನ ಕೊಕ್ಕನ್ನು ಗಳಕ್ಕೆ ಬಿಗಿದು, ನಡುವೆ ಹಣ್ಣು ಸಿಕ್ಕಿಸಿ ಒಡ್ಡಿದೆ. ಸೀಳಿನಿಂದ ಇನ್ನೊಂದು ಕೊಕ್ಕು ಮೆಲ್ಲನೆ ಹೊರಬಂತು. ಮರಿ ಹಾರುವವರೆಗೂ ಹಾಗೆಯೇ ಉಣ್ಣಿಸಿದೆ.

ಈ ಕಥೆಯನ್ನು ನಾನು ಯಾರಿಗೆ ಹೇಳಹೊರಟರೂ ಅಡುಗೆಮನೆಯಿಂದ ಅವಳ ದನಿ ಬರುತ್ತಿತ್ತು: "ಕೊಕ್ಕಿನ ಯೋಚನೆ ಯಾರದು, ಅದನ್ನೂ ಹೇಳಿ." ನನ್ನ ಹೆಮ್ಮೆಯ ಅರ್ಧವನ್ನು ಕಿತ್ತುಕೊಳ್ಳದೆ ಅವಳು ಒಮ್ಮೆಯೂ ಬಿಟ್ಟವಳಲ್ಲ.

ಮರೆವಿನ ಕಾಯಿಲೆ ಈಗ ಅವಳಿಂದ ಮಗಳ ಹೆಸರನ್ನೂ ಕಸಿದಿದೆ. ನನ್ನನ್ನು ಮಾತ್ರ ಬಲ್ಲಳೆಂದು ನಂಬಿಕೊಂಡಿದ್ದೆ. ನಿನ್ನೆ ಸಂಜೆ ಆ ನಂಬಿಕೆಗೆ ಒಂದು ಆಧಾರ ಬೇಕೆನಿಸಿತು. ಅವಳ ಎದುರಿಗೇ ಕುಳಿತು, ಬೇಕೆಂದೇ ಸುಳ್ಳು ಬೆರೆಸಿ, ಮೊಮ್ಮಗಳಿಗೆ ಕಥೆ ಹೇಳಿದೆ.

"ಕೊಕ್ಕು ಕಟ್ಟೋದು ನನಗೇ ಹೊಳೀತು ಕಣೇ. ನಿಮ್ಮಜ್ಜಿ ಹೆದರಿಕೊಂಡು ಮನೇಲೇ ಕೂತಿದ್ದಳು."

ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. "ತಾತ, ಈಗ ಬೀಳುತ್ತೆ ನೋಡಿ ನಿಮಗೆ."

ಮಂಚದ ಮೇಲಿದ್ದವಳು ಹೊದಿಕೆಯನ್ನು ಸರಿಪಡಿಸಿಕೊಂಡು ನನ್ನತ್ತ ತಿರುಗಿದಳು. ಮನೆಗೆ ಬಂದ ಅಪರಿಚಿತ ಹಿರಿಯರೊಡನೆ ಆಡುವ ಮರ್ಯಾದೆಯಲ್ಲಿ, "ದೊಡ್ಡ ಕೆಲಸ ಮಾಡಿದ್ದೀರಿ. ನಿಮ್ಮ ಮನೆಯವರು ಪುಣ್ಯ ಮಾಡಿದ್ರು," ಎಂದಳು. ಆಮೇಲೆ ಕೇಳಿದಳು: "ಅವರು ಚೆನ್ನಾಗಿದ್ದಾರಾ?"

"ಇದ್ದಾರೆ," ಎಂದೆ.

ಮೊಮ್ಮಗಳ ನಗು ನಿಂತಿತ್ತು. ಅವಳೆದ್ದು ಹೋಗಿ ಅಜ್ಜಿಗೆ ಒತ್ತಿಕೊಂಡು ಕುಳಿತು, ಅವಳ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು.

"ಇನ್ನೊಂದ್ಸಲ ಹೇಳಿ ತಾತ," ಎಂದಳು. "ಈ ಸಲ ನಿಜ ಹೇಳಿ. ಅಜ್ಜಿ ಕೇಳಿಸ್ಕೊಳ್ಳಲಿ."