ಲಿಂಗಕ್ಕ ಬರೆದ ಕಾಗದ

ಲಿಂಗಕ್ಕ ಸುಣ್ಣದ ಕುಡಿಕೆ ಹಿಡಿದು ಹೊರಬಿದ್ದಳೆಂದರೆ ಮಾಧವರಂನ ಗೋಡೆಗಳೆಲ್ಲ ನಡುಗುತ್ತವೆ ಎಂದು ಅವಳ ಗಂಡ ಯರ್ರೆಪ್ಪ ಹೇಳುತ್ತಿದ್ದ. ಸುಣ್ಣ, ಕೆಮ್ಮಣ್ಣು, ಇದ್ದಿಲು, ಯಾವುದು ಸಿಕ್ಕಿದರೆ ಅದರಲ್ಲಿ ಚಿತ್ರ ಬರೆಯುವವಳು ಅವಳು. ಎರಡು ದಿನ ಬರೆಯದಿದ್ದರೆ ಬೆರಳು ತುರಿಸುತ್ತಿದ್ದವು. ಮನುಷ್ಯರು ಅವಳ ಕೈಯಲ್ಲಿ ಚೆನ್ನಾಗಿಯೇ ಮೂಡುತ್ತಿದ್ದರು. ಇದು ಯಾರ ಮೂಗು, ಯಾರ ನಿಲುವು ಎಂದು ಗುರುತು ಸಿಗುತ್ತಿತ್ತು. ಪ್ರಾಣಿಗಳ ಮಾತು ಬೇರೆ.

"ನಾಕು ಕಾಲು ಇದ್ದದ್ದೆಲ್ಲಾ ನಿನ್ನ ಕೈಯಾಗ ಒಂದ ಜಾತಿ ಆಗಿಬಿಡ್ತಾವ," ಎಂದು ಯರ್ರೆಪ್ಪ ತಾನು ಕಾಯುವ ಕುರಿಗಳ ಪರವಾಗಿ ನೊಂದುಕೊಳ್ಳುತ್ತಿದ್ದ.

ದೊಡ್ಡ ಯುದ್ಧದ ನಾಲ್ಕನೆಯ ವರ್ಷ ಅದು. ಪಕ್ಕದ ಮನೆಯ ಪಕೀರಮ್ಮನ ಮಗ ಕೆಂಚಣ್ಣ ದಂಡಿಗೆ ಸೇರಿ ಬರ್ಮಾದ ಕಡೆ ಹೋಗಿದ್ದ. ಅವನು ಉಂಡನೋ ಇಲ್ಲವೋ ಎಂದು ಪಕೀರಮ್ಮ ಅಂದಿನಿಂದ ತಾನೂ ಅರೆಹೊಟ್ಟೆಯೇ ಉಣ್ಣುತ್ತಿದ್ದಳು. ಪಕೀರಮ್ಮ ಶಾಲೆಯ ಮೇಷ್ಟ್ರಿಂದ ಎರಡು ಕಾಗದ ಬರೆಸಿ ಹಾಕಿದ್ದಳು. ರಜೆಗೆ ಬಂದ, ಪಕ್ಕದೂರು ನಂದವರಂನ ಸಿಪಾಯಿಯೊಬ್ಬ ಸುದ್ದಿ ತಂದ: ಕೆಂಚಣ್ಣನಿಗಂತೂ ಓದು ಬಾರದು, ಅವನ ತುಕಡಿಯಲ್ಲಿ ಕನ್ನಡವಾಗಲಿ ತೆಲುಗಾಗಲಿ ಬಲ್ಲವರೂ ಇಲ್ಲ. ಎರಡೂ ಕಾಗದಗಳನ್ನು ಜೇಬಿನಲ್ಲಿಟ್ಟುಕೊಂಡು ಹಾಗೆಯೇ ತಿರುಗುತ್ತಾನೆ.

ಪಕೀರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಲಿಂಗಕ್ಕನಿಗೆ ನೋಡಲಾಗಲಿಲ್ಲ.

"ಅಳಬ್ಯಾಡ ಅತ್ತಿ. ಅಕ್ಷರ ಬರದಿದ್ರೇನಾತು, ಕಣ್ಣು ಅದಾವಲ್ಲ ಅವನಿಗೆ. ಏನು ಹೇಳಬೇಕು ಹೇಳು, ನಾ ಬರೀತೀನಿ."

ಮೇಷ್ಟ್ರ ಪೆನ್ಸಿಲ್ ಇಸಿದುಕೊಂಡು ಕುಳಿತಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿರುವ ಪಕೀರಮ್ಮ, ಗಟ್ಟಿಮುಟ್ಟಾಗಿ. ಹೊಸ ಕೂಸನ್ನು ಬಗಲಲ್ಲಿ ಎತ್ತಿಕೊಂಡ ಕೆಂಚಣ್ಣನ ತಂಗಿ. ಕೆಳಗೆ, ಈದ ಎಮ್ಮೆ ಮತ್ತು ಕರು. ಮೇಷ್ಟ್ರು ವಿಳಾಸ ಬರೆದರು, ಕಾಗದ ಹೋಯಿತು.

ತಿಂಗಳೊಪ್ಪತ್ತು ಕಳೆದ ಮೇಲೆ ಪೊಲೀಸ್ ಜಮಾದಾರ ಮೌಲಾಲಿ ಅದೇ ಕಾಗದ ಹಿಡಿದು ಲಿಂಗಕ್ಕನ ಬಾಗಿಲಿಗೆ ಬಂದ. ದಂಡಿನವರು ದಾರಿಯಲ್ಲೇ ಅದನ್ನು ಒಡೆದು ನೋಡಿ, ಏನೋ ಗುಟ್ಟಿನ ಸಂಕೇತವೆಂದು ವಾಪಸು ಕಳಿಸಿದ್ದರು.

"ಇದೇನು? ಗುಂಡು ಹಾರಿಸೋ ತೋಪಂತಾರ ಮ್ಯಾಲಿನವರು. ಪಕ್ಕದಾಗ ಸಣ್ಣ ತೋಪು ಬ್ಯಾರೆ ಐತಿ!"

"ಎಮ್ಮಿ ಐತ್ರೀ ಅದು! ಸಣ್ಣದು ಕರು."

ಯರ್ರೆಪ್ಪ ನಕ್ಕ ನಗೆಗೆ ಅವನ ರುಮಾಲು ಬಿಚ್ಚಿಹೋಯಿತು. ಲಿಂಗಕ್ಕ ಕೆಂಪಗಾದಳು. ಜಮಾದಾರನನ್ನು ನೇರ ಪಕೀರಮ್ಮನ ಕೊಟ್ಟಿಗೆಗೆ ಕರೆದೊಯ್ದು ಎಮ್ಮೆಯ ಮುಂದೆ ನಿಲ್ಲಿಸಿದಳು. ಅವನು ಕಾಗದ ನೋಡಿದ, ಎಮ್ಮೆ ನೋಡಿದ, ಮತ್ತೆ ಕಾಗದ ನೋಡಿದ.

"ಕೊಂಬು ಎಲ್ಲಿ ಅದಾವ?"

"ಹಿಂದಕ ಬಾಗ್ಯಾವಲ್ಲ, ನೋಡ್ರಿ! ನಾ ಬರದದ್ದೂ ಹಂಗ ಐತಿ."

ಎಮ್ಮೆ ಮೆಲುಕು ಹಾಕುತ್ತ ಅವನತ್ತ ನೋಡಿತು. ಮೌಲಾಲಿ ಕಾಗದದ ಹಿಂದೆ 'ಎಮ್ಮೆ ಒಂದು, ಕರು ಒಂದು, ಕಣ್ಣಾರೆ ಕಂಡಿದ್ದೇನೆ' ಎಂದು ಬರೆದು, ಮತ್ತೆ ದಂಡಿಗೆ ಕಳಿಸಲು ಜೇಬಿಗಿಟ್ಟುಕೊಂಡ. ಕೆಲಸ ಮುಗಿದರೂ ಹೊರಡಲಿಲ್ಲ. ಎರಡು ಸಲ ಕೆಮ್ಮಿದ.

"ಗುತ್ತಿಯಾಗ ನಮ್ಮ ಅಮ್ಮೀಜಾನ್ ಅದಾಳ. ಆಕಿಗೂ ಓದಾಕ ಬರಂಗಿಲ್ಲ. ನಂದೂ ಒಂದು ಚಿತ್ರ ಬರಿ ಅಕ್ಕಾ... ಹೊಟ್ಟಿ ಸ್ವಲ್ಪ ಕಮ್ಮಿ ಮಾಡು."

"ಹೊಟ್ಟಿ ಕಂಡ್ರ ತಾಯಿಗೆ ಸಮಾಧಾನ. ಸುಮ್ಮನ ಕೂಡ್ರಿ," ಎಂದಳು ಲಿಂಗಕ್ಕ.

ಜಮಾದಾರನೇ ಬರೆಸಿಕೊಂಡ ಮೇಲೆ ಕೇಳಬೇಕೆ! ದೂರದ ಊರಿಗೆ ಮಗಳನ್ನು ಕೊಟ್ಟವರು, ಗಂಡನನ್ನು ಆದೋನಿಯ ಹತ್ತಿ ಕಾರ್ಖಾನೆಗೆ ಕಳಿಸಿದವರು, ನಂದವರಂನಿಂದಲೂ ಹೆಂಗಸರು ಬಂದು ಕುಳಿತರು. ಒಬ್ಬೊಬ್ಬಳ ಸುಖದುಃಖ ಕೇಳುತ್ತ ಕೇಳುತ್ತ ಲಿಂಗಕ್ಕ ಬರೆದಳು. ಪ್ರಾಣಿಗಳನ್ನು ಮಾತ್ರ ತಿದ್ದಿಕೊಳ್ಳಲೇಬೇಕೆಂದು ಹಟ ಹಿಡಿದಳು. ಸಂಜೆ ಹೊತ್ತು ಯರ್ರೆಪ್ಪ ಒಂದು ಟಗರನ್ನು ಅಲುಗಾಡದಂತೆ ತಬ್ಬಿಕೊಂಡು ಅವಳೆದುರು ಕೂರತೊಡಗಿದ. "ಲಗೂ ಮುಗಸು. ಊರು ನೋಡಿದ್ರ ಏನಂದೀತು," ಎಂದು ಗೊಣಗುತ್ತಿದ್ದ. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಯುಗಾದಿ ಕಳೆದು ಕೆಂಚಣ್ಣನ ಕಾಗದ ಬಂತು. ಅಕ್ಷರವಿಲ್ಲ, ಅವನೇ ಕೊರೆದ ಗೆರೆಗಳು. ಕಡ್ಡಿಯಂಥ ನಾಲ್ವರು, ಒಬ್ಬನಿಗೆ ಪೇಟ, ಒಬ್ಬನಿಗೆ ಗಡ್ಡ, ಒಂದು ಕಾಗದದ ಮೇಲೆ ಬಗ್ಗಿ ಹಲ್ಲು ಬಿಟ್ಟು ನಗುತ್ತಿದ್ದರು. ಪಕ್ಕದಲ್ಲಿ ಐದನೆಯವನು, ಕೆಂಚಣ್ಣನೇ, ತಟ್ಟೆಯ ಮುಂದೆ. ತಟ್ಟೆಯಲ್ಲಿ ಮೂರು ಗುಡ್ಡೆ ಅನ್ನ.

ಪಕೀರಮ್ಮ ಗುಡ್ಡೆಗಳ ಮೇಲೆ ಬೆರಳಿಟ್ಟು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.

"ಉಣ್ಣಾಕತ್ತಾನ ಬಿಡು," ಎಂದಳು.

ಅಂದು ಲಿಂಗಕ್ಕನ ಮನೆಯಲ್ಲೇ ಕುಳಿತು ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ತಿಂದಳು. ಮತ್ತೊಂದನ್ನು ತಾನಾಗಿಯೇ ಕೇಳಿ ಹಾಕಿಸಿಕೊಂಡಳು.