ಉಳಿದದ್ದು ಒಂಬತ್ತು ಬೈಟ್

ಒಂಬತ್ತು, ಪರದೆಯ ಮೇಲೆ ಒಂಬತ್ತು, ಇನ್ನು ಒಂಬತ್ತು ಅಕ್ಷರಕ್ಕೆ ಪ್ರೆಸ್ಸು ನಡೆಸುವ ಈ ಮುದಿ ಕಂಪ್ಯೂಟರಿನ ಹೊಟ್ಟೆ ಭರ್ತಿ — ನಂದೀಶನಿಗೆ ಬೇಕಿರುವುದು ಇಪ್ಪತ್ತು, ಒಂದೇ ಒಂದು ಸಾಲು, ಜಾಲರಿ ಬಾಗಿಲು ತೆರೆದಿದ್ದರೆ ತಗಡು ಒತ್ತುವ ಪ್ರೆಸ್ಸು ಇಳಿಯಕೂಡದು ಅನ್ನುವ ಸಾಲು, ಮೊನ್ನೆ ಹಾಗೆಯೇ ಇಳಿದು ತಗಡಿಡುವ ಮಾರಕ್ಕನ ಕೈಗವಸಿನ ತುದಿಯನ್ನು ಹಪ್ಪಳ ಮಾಡಿತಲ್ಲ, ಒಳಗೆ ಬೆರಳಿರಲಿಲ್ಲ, ಕೂದಲೆಳೆಯಷ್ಟರಲ್ಲಿ ಉಳಿಯಿತು ಬೆರಳು, ಹೊಸ ಕಂಪ್ಯೂಟರ್ ಹಾಕ್ಸಿ ಅಂದರೆ ಯಜಮಾನ ಶ್ಯಾಮಣ್ಣ ನಗುತ್ತಾನೆ, ಪೀಣ್ಯದಲ್ಲಿ ಇಷ್ಟು ಹಳೇದು ಇನ್ನೊಂದಿಲ್ಲ ಗುರು, ನಿನಗಿಂತ ಸೀನಿಯರ್ರು — ಏಳನೇ ಕ್ಲಾಸಿನಲ್ಲಿ ಕರಿಬಸಪ್ಪ ಮೇಷ್ಟ್ರು ಕಿವಿ ಹಿಂಡಿ, ಇವನ ತಲೇಲಿ ಜಾಗಾನೇ ಇಲ್ಲ ಕಣ್ರೋ, ಇಡೀ ಕ್ಲಾಸು ನಕ್ಕಿತು, ಮಾರನೆಯ ದಿನದಿಂದ ನಂದೀಶ ಸ್ಕೂಲಿಗೆ ಹೋಗಲಿಲ್ಲ, ಇವತ್ತಿಗೂ ಹಲ್ಲು ಕಡಿಯುತ್ತಾನೆ — ಆದರೆ ಇದರ ತಲೆಯಲ್ಲಾದರೂ ಎಷ್ಟಿದೆ, ನಾಲ್ಕು ಸಾವಿರ ಚಿಲ್ಲರೆ ಬೈಟ್, ಬೈಟ್ ಅಂದರೆ ಒಂದು ಗೂಡು, ಗೂಡಿಗೊಂದು ಅಕ್ಷರ, ಅದರಲ್ಲೂ ಪ್ರೋಗ್ರಾಮು ಬರೆಯುವ ಬೇಸಿಕ್ ಭಾಷೆ ತನ್ನ ಪಾಲಿನದನ್ನು ಮೊದಲೇ ಹಿಡಿದು ಕೂತಿದೆ, ಪದಗಳ ನಡುವಿನ ಖಾಲಿಗೂ ಒಂದು ಗೂಡು, ಏನೂ ಇಲ್ಲದ್ದನ್ನೂ ನೆನಪಿಟ್ಟುಕೊಳ್ಳುತ್ತದಲ್ಲ, ಎಂಥ ತಮಾಷೆ, ಮೂರು ದಿನದಿಂದ ಊಟದ ಹೊತ್ತಿನಲ್ಲಿ ಆ ಖಾಲಿಯನ್ನೆಲ್ಲ ಗುಡಿಸಿದ, ಯಾರೋ ಬರೆದಿಟ್ಟ ಟಿಪ್ಪಣಿ ಕಿತ್ತ, ಇಂಗ್ಲಿಷಿನ ಐದಕ್ಷರದ ಕೌಂಟ್ ಅನ್ನುವುದನ್ನು ಬರೀ ಸಿ ಮಾಡಿದ, ಎಲ್ಲಾ ಆಗಿ ಒಂಬತ್ತು — ಮುಟ್ಟದೆ ಬಿಟ್ಟಿರುವುದು ಮೊದಲನೇ ಸಾಲೊಂದೇ, ಸ್ವಿಚ್ಚು ಹಾಕಿದೊಡನೆ ಇಂಗ್ಲಿಷಿನಲ್ಲಿ ಮೂಡುವ ಶ್ರೀ ಲಕ್ಷ್ಮಣಪ್ಪ ಪ್ರೆಸ್ ವರ್ಕ್ಸ್, ಇಪ್ಪತ್ತೆಂಟು ಗೂಡು, ಲಕ್ಷ್ಮಣಪ್ಪ ಅಂದರೆ ಶ್ಯಾಮಣ್ಣನ ಅಪ್ಪ, ರಾಗಿ ಹೊಲದಲ್ಲಿ ಈ ಶೆಡ್ಡು ಎಬ್ಬಿಸಿ ತೀರಿಕೊಂಡವರು, ಮಗ ದಿನಾ ಪರದೆಗೆ ಊದುಬತ್ತಿ ಬೆಳಗುತ್ತಾನೆ, ಅಪ್ಪನ್ ಹೆಸ್ರು ಮುಟ್ಟಿದ್ರೆ ನೀನೂ ಆಚೆ ಕಣೋ — ಸತ್ತವರ ಹೆಸರಿಗೆ ಇಪ್ಪತ್ತೆಂಟು, ಬದುಕಿರುವ ಬೆರಳಿಗೆ ಒಂಬತ್ತು, ಯಾವ ನ್ಯಾಯ ಇದು, ಮಾರಕ್ಕ ಡಬ್ಬಿ ತೊಳೆದು ಬರುತ್ತಿದ್ದಾಳೆ, ಏನ್ ಮಗಾ, ಇನ್ನೂ ಆ ಡಬ್ಬದ್ ಜೊತೆ ಸಂಸಾರಾನಾ, ಬೆರಳುಗಳಿಂದ ನೀರು ಕೊಡವುತ್ತಾ — ಆ ಮೊದಲನೇ ಸಾಲಿನ ನಂಬರಷ್ಟೇ ಒತ್ತಿ ಎಂಟರ್ ಕುಟ್ಟಿದ, ಬರೀ ನಂಬರು ಕೊಟ್ಟರೆ ಸಾಲು ಅಳಿಸಿದಂತೆ, ಹೆಸರು ಹೋಯಿತು, ಎಷ್ಟು ಉಳಿಯಿತು ನೋಡಿದರೆ ನಲವತ್ತೈದು, ಮೂವತ್ತೇಳಾಗಬೇಕಿತ್ತಲ್ಲ, ಸಾಲಿಗೆ ಕಣ್ಣಿಗೆ ಬೀಳದ ಗೂಡುಗಳೂ ಇರುತ್ತವಾ, ಎಲ್ಲಿ, ಯಾತಕ್ಕೆ, ಇರಲಿ, ಜಾಲರಿಯ ಹೊಸ ಸಾಲು ಕುಟ್ಟಿದ, ಪ್ರೋಗ್ರಾಮು ಓಡಿಸಿದ, ಹಿಂದಿನಿಂದ ಶ್ಯಾಮಣ್ಣ, ಲೋ ಅಪ್ಪನ್ ಹೆಸ್ರೆಲ್ಲೋ, ಎದ್ದು ನಡಿ ಆಚೆ, ಕೆಲಸ ಹೋಯಿತು ಅಲ್ಲಿಗೆ, ಅತ್ತ ಮಾರಕ್ಕ ಜಾಲರಿ ತೆರೆದಳು, ತಗಡು ಒಳಗಿಟ್ಟಳು, ಕೈ ಇನ್ನೂ ಒಳಗೇ, ಅಭ್ಯಾಸಬಲದಲ್ಲಿ ಕಾಲು ಪೆಡಲಿನ ಮೇಲೆ, ಅಕ್ಕಾ ತಡಿ ಇನ್ನೂ ಟೆಸ್ಟ್ ಮಾಡಿ ನೋಡಿಲ್ಲ ನಾನು — ಒತ್ತಿಬಿಟ್ಟಳು, ಕಬ್ಬಿಣ ಇಳಿಯಲಿಲ್ಲ, ಮತ್ತೆ ಒತ್ತಿದಳು, ಇದ್ಯಾಕ್ ಮಗಾ ಕೆಟ್ಟೋಯ್ತಾ, ಶ್ಯಾಮಣ್ಣ ಏನೋ ಕೂಗುತ್ತಲೇ ಇದ್ದಾನೆ, ಮೇಲೆ ತಡೆದು ನಿಂತ ಕಬ್ಬಿಣ, ಕೆಳಗೆ ತಗಡನ್ನು ಸರಿಪಡಿಸುತ್ತಾ ಒದ್ದೆ ಬೆರಳು, ಐದು ಬೆರಳು, ಬೆರಳು —